ನಾಯಿಮರಿಗಳ ಅಜಿಲಿಟಿ ಪೂರ್ವಸಿದ್ಧತಾ ತರಬೇತಿ

ಅಜಿಲಿಟಿ ಎಂಬುದು ನಾಯಿಯು ತನ್ನ ಪಾಲಕರ ಸೂಚನೆಯಂತೆ ಅಡೆತಡೆಗಳನ್ನು ದಾಟಿ ಓಡುವ ಕ್ರೀಡೆ. ಇದಕ್ಕೆ ಎಳೆಯ ಮರಿಯನ್ನು ಅಣಿಗೊಳಿಸುವ ಮೊದಲ ಹಂತವೇ ಪೂರ್ವಸಿದ್ಧತಾ ತರಬೇತಿ. ಈ ಹಂತದಲ್ಲಿ ಎತ್ತರದ ಜಿಗಿತವನ್ನು ಕಲಿಸುವುದಿಲ್ಲ. ಸಮತೋಲನ, ಗಮನ ಹಾಗೂ ವಿಧೇಯತೆಗೆ ಆದ್ಯತೆ ನೀಡಲಾಗುತ್ತದೆ.

ಹಿನ್ನೆಲೆ

ಕುದುರೆಗಳ ಜಿಗಿತ ಸ್ಪರ್ಧೆಯ ಮಾದರಿಯಲ್ಲಿ ರೂಪುಗೊಂಡ ಅಜಿಲಿಟಿಯನ್ನು 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಪ್ರೇಕ್ಷಕರ ಮುಂದಿಡಲಾಯಿತು. ಬ್ರಿಟನ್ನಿನ ಕೆನಲ್ ಕ್ಲಬ್ ನಿಯಮದಂತೆ 18 ತಿಂಗಳು ತುಂಬದ ನಾಯಿ ಸ್ಪರ್ಧಿಸುವಂತಿಲ್ಲ.

ಎಳೆಯ ಮೂಳೆಗಳ ರಕ್ಷಣೆ

ಮರಿಯ ಕಾಲಿನ ಉದ್ದ ಮೂಳೆಗಳ ತುದಿಗಳ ಬಳಿ ಮೃದ್ವಸ್ಥಿಯ ಬೆಳವಣಿಗೆ ಫಲಕಗಳಿರುತ್ತವೆ. ಮೂಳೆ ಉದ್ದವಾಗುವುದು ಇವುಗಳಿಂದಲೇ. ಇವು ಗಟ್ಟಿಯಾಗುವ ಮೊದಲೇ ಪೆಟ್ಟಾದರೆ ಕಾಲು ಸೊಟ್ಟಗಾಗಬಹುದು ಅಥವಾ ಗಿಡ್ಡವಾಗಿ ಉಳಿಯಬಹುದು. ದೊಡ್ಡ ತಳಿಗಳಲ್ಲಿ ಫಲಕಗಳು ಗಟ್ಟಿಯಾಗಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಗಬಹುದು. ಆದ್ದರಿಂದ ಮರಿಗಳಿಗೆ ಪದೇಪದೇ ಜಿಗಿಸುವುದು, ಸಾಲುಕಂಬಗಳ ನಡುವೆ ವೇಗವಾಗಿ ಓಡಿಸುವುದು ಮತ್ತು ಜಾರುವ ನೆಲದ ಮೇಲಿನ ಅಭ್ಯಾಸ ಸಲ್ಲದು.

ಅಭ್ಯಾಸಗಳು

* ನೆಲದ ಮೇಲಿಟ್ಟ ಕೋಲುಗಳನ್ನು ನಡೆಯುತ್ತ ದಾಟುವುದು. ಇದರಿಂದ ಮರಿಗೆ ತನ್ನ ಹೆಜ್ಜೆಗಳ ಅರಿವು ಮೂಡುತ್ತದೆ.
* ಮುಂಗಾಲುಗಳನ್ನು ತಗ್ಗು ಪೀಠದ ಮೇಲಿರಿಸಿ, ಹಿಂಗಾಲುಗಳಿಂದ ಅದರ ಸುತ್ತ ತಿರುಗುವುದು.
* ಚಿಕ್ಕದಾದ, ನೇರವಾದ ಬಟ್ಟೆಯ ಸುರಂಗದೊಳಗೆ ಹಾದುಹೋಗುವುದು.
* ಕರೆದಾಗ ಬರುವುದು, ಅಪ್ಪಣೆಯಾಗುವವರೆಗೆ ಕಾಯುವುದು, ಪಾಲಕರ ಎಡಬಲ ಎರಡೂ ಬದಿಗಳಲ್ಲಿ ಓಡುವುದು.

ಸರಿಯಾಗಿ ಮಾಡಿದ ಕೂಡಲೇ ತಿನಿಸು ಅಥವಾ ಆಟಿಕೆ ನೀಡಲಾಗುತ್ತದೆ, ತಪ್ಪಿದರೆ ದಂಡಿಸುವುದಿಲ್ಲ. ಪ್ರತಿ ಅಭ್ಯಾಸವೂ ಕೆಲವೇ ನಿಮಿಷಗಳದ್ದಾಗಿದ್ದು, ಮರಿ ದಣಿಯುವ ಮುನ್ನವೇ ಮುಗಿಯಬೇಕು. ಮರಿ ಕುಂಟಿದರೆ ತರಬೇತಿಯನ್ನು ನಿಲ್ಲಿಸಿ ಪಶುವೈದ್ಯರಿಗೆ ತೋರಿಸುವುದು ಅಗತ್ಯ.