ಹಿಂದುಳಿದ ಮಗುವಿಗೆ ಹೆಚ್ಚಿನ ಹಣ: ಶಾಲೆ ಅದನ್ನು ಹೇಗೆ ಬಳಸಬೇಕು?

ಸರ್ಕಾರಿ ಶಾಲೆಯ ಬಾಗಿಲು ಎಲ್ಲರಿಗೂ ತೆರೆದಿದೆ. ಶುಲ್ಕವೂ ಇಲ್ಲ. ಆದರೂ ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರು ಹುಡುಗಿಯರು ಒಂದೇ ಸಮನಾಗಿ ಕಲಿಯುವುದಿಲ್ಲ. ಒಬ್ಬಳ ಮನೆಯಲ್ಲಿ ಪಾಠ ಹೇಳಿಕೊಡುವವರಿದ್ದಾರೆ. ಇನ್ನೊಬ್ಬಳ ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲ. ಸಂಜೆ ತಮ್ಮನನ್ನು ನೋಡಿಕೊಳ್ಳುವ ಕೆಲಸವೂ ಅವಳದೇ. ಈ ಎರಡನೆಯವಳಿಗೆ ಸಮಾಜ ಹೆಚ್ಚಿನ ಹಣ ತೆಗೆದಿಡಬೇಕೆ? ತೆಗೆದಿಟ್ಟರೆ ಅದನ್ನು ಯಾವುದಕ್ಕೆ ಖರ್ಚು ಮಾಡಬೇಕು?

ಮೊದಲನೆಯ ಪ್ರಶ್ನೆ ಮೈಸೂರಿಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಮರುವರ್ಷ ಬಂದ ವರದಿ ಸರ್ಕಾರಿ ನೌಕರಿಯ ವಿಷಯವನ್ನಷ್ಟೇ ಹೇಳಲಿಲ್ಲ. ಹಿಂದುಳಿದ ಸಮುದಾಯಗಳ ಮಕ್ಕಳಿಗೆ ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳು ಹೆಚ್ಚಬೇಕೆಂದೂ ಹೇಳಿತು. ಅಂದರೆ, ಹಿಂದೆ ಉಳಿದವರಿಗೆ ಹೆಚ್ಚಿನ ನೆರವು ಕೊಡುವುದೂ ನ್ಯಾಯವೇ ಎಂಬ ಮಾತನ್ನು ಈ ನಾಡು ಒಪ್ಪಿ ನೂರು ವರ್ಷಗಳಾದವು.

ಎರಡನೆಯ ಪ್ರಶ್ನೆಯೇ ಕಠಿಣ. ನಮ್ಮಲ್ಲಿ ನೆರವು ಮೂರು ದಾರಿಯಲ್ಲಿ ಬರುತ್ತದೆ. ಮೊದಲನೆಯದು ವಸ್ತುರೂಪದ್ದು: ಪಠ್ಯಪುಸ್ತಕ, ಸಮವಸ್ತ್ರ, 2002ರಲ್ಲಿ ಆರಂಭವಾದ ಅಕ್ಷರ ದಾಸೋಹದ ಬಿಸಿಯೂಟ, 2013ರಿಂದ ಕ್ಷೀರಭಾಗ್ಯದ ಹಾಲು. ಎರಡನೆಯದು ವಿದ್ಯಾರ್ಥಿವೇತನ, ಇದು ನೇರವಾಗಿ ವಿದ್ಯಾರ್ಥಿಗೇ ಸೇರುತ್ತದೆ. ಮೂರನೆಯದು ಶಾಲೆಗೆ ಬರುವ ಅನುದಾನ. ಇದನ್ನು ಹೇಗೆ ಬಳಸಬೇಕೆಂದು ಯೋಚಿಸುವ ಅವಕಾಶ ಶಾಲೆಗೇ ಇದೆ.

ಈ ಮೂರನೆಯದರ ಲೆಕ್ಕವನ್ನು ಸ್ವಲ್ಪ ನೋಡೋಣ. 2018ರಲ್ಲಿ ಬಂದ ಸಮಗ್ರ ಶಿಕ್ಷಾ ಯೋಜನೆಯ ನಿಯಮದಂತೆ 101ರಿಂದ 250 ಮಕ್ಕಳಿರುವ ಶಾಲೆಗೆ ವರ್ಷಕ್ಕೆ 50,000 ರೂಪಾಯಿ. ಇದರಲ್ಲಿ ಶೇಕಡಾ 10ರಷ್ಟನ್ನಾದರೂ ಸ್ವಚ್ಛತೆಗೆ ಬಳಸಬೇಕು. ಮೈಸೂರು ನಗರದ ಒಂದು ಶಾಲೆಯಲ್ಲಿ 200 ಮಕ್ಕಳಿದ್ದಾರೆಂದು ಇಟ್ಟುಕೊಳ್ಳಿ. ಉಳಿದ 45,000 ರೂಪಾಯಿಯನ್ನು ಹಂಚಿದರೆ ಮಗುವೊಂದಕ್ಕೆ 225 ರೂಪಾಯಿ. ವರ್ಷಕ್ಕೆ 220 ಶಾಲಾ ದಿನಗಳೆಂದರೆ, ದಿನಕ್ಕೆ ಸುಮಾರು ಒಂದು ರೂಪಾಯಿ! ವಿದ್ಯುತ್ ಬಿಲ್ಲು, ನೀರು, ಸೀಮೆಸುಣ್ಣ, ದುರಸ್ತಿ, ಕಲಿಕೋಪಕರಣ ಎಲ್ಲವೂ ಇದರಲ್ಲೇ ಆಗಬೇಕು.

ಇನ್ನೊಂದು ಸಂಗತಿಯನ್ನೂ ಗಮನಿಸಿ. ಈ ಅನುದಾನ ಮಕ್ಕಳ ತಲೆ ಎಣಿಸುತ್ತದೆ, ಅವರ ಕಷ್ಟವನ್ನು ಎಣಿಸುವುದಿಲ್ಲ. 200 ಮಕ್ಕಳೂ ಕೂಲಿಕಾರರ ಮನೆಯವರಾಗಿದ್ದರೂ ಹಣ ಅಷ್ಟೇ. ಇಂಗ್ಲೆಂಡಿನಲ್ಲಿ 2011ರಿಂದ ಬೇರೊಂದು ಕ್ರಮವಿದೆ. ಅಲ್ಲಿ ಬಡ ಮಕ್ಕಳ ಸಂಖ್ಯೆಗೆ ತಕ್ಕಂತೆ ಶಾಲೆಗೆ ಹೆಚ್ಚುವರಿ ಹಣ ಬರುತ್ತದೆ. ಉಚಿತ ಊಟಕ್ಕೆ ಅರ್ಹತೆಯೇ ಇದಕ್ಕೆ ಮುಖ್ಯ ಅಳತೆಗೋಲು. ಆ ಹಣ ಯಾವುದಕ್ಕೆ ಖರ್ಚಾಯಿತು, ಅದರಿಂದ ಏನಾಯಿತು ಎಂಬುದನ್ನು ಶಾಲೆ ಸಾರ್ವಜನಿಕವಾಗಿ ಪ್ರಕಟಿಸಬೇಕು.

ಹಣ ಎಷ್ಟೇ ಇರಲಿ, ಬಳಕೆಯಲ್ಲಿ ವಿಜ್ಞಾನದ ಒಂದು ನಿಯಮ ನೆನಪಿಗೆ ಬರುತ್ತದೆ. 19ನೇ ಶತಮಾನದ ಜರ್ಮನ್ ರಸಾಯನ ವಿಜ್ಞಾನಿ ಲೀಬಿಗ್ ಹೆಸರಿನ ‘ಕನಿಷ್ಠತೆಯ ನಿಯಮ’ ಅದು. ಗಿಡಕ್ಕೆ ಯಾವ ಪೋಷಕಾಂಶ ಅತ್ಯಂತ ಕೊರತೆಯಾಗಿದೆಯೋ ಅದೇ ಅದರ ಬೆಳವಣಿಗೆಗೆ ಮಿತಿ ಹಾಕುತ್ತದೆ. ರಂಜಕದ ಕೊರತೆ ಇರುವ ಹೊಲಕ್ಕೆ ಸಾರಜನಕ ಸುರಿದರೆ ಪ್ರಯೋಜನವಿಲ್ಲ. ಶಾಲೆಯೂ ಹಾಗೆಯೇ. ಓದಲು ಬಾರದ ಮಗುವಿಗೆ ಬಣ್ಣ ಬಳಿದ ಗೋಡೆಯಿಂದ ಏನೂ ಆಗದು. ಕಣ್ಣು ಮಂಜಾದ ಮಗುವಿಗೆ ಮೊದಲು ಬೇಕಾದದ್ದು ಕನ್ನಡಕ. ಆಮೇಲೆ ವಿಶೇಷ ತರಗತಿ. ಆದುದರಿಂದ ಖರ್ಚಿಗೆ ಮೊದಲು ಪರೀಕ್ಷೆ ನಡೆಯಬೇಕಾದದ್ದು ಕೊರತೆಯದು.

ಇದಕ್ಕೆ ಒಳ್ಳೆಯ ಉದಾಹರಣೆ ಮೈಸೂರು ಜಿಲ್ಲೆಯಲ್ಲೇ ಇದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅನೇಕ ಶಾಲೆಗಳಲ್ಲಿ ಒಬ್ಬರೇ ಶಿಕ್ಷಕರು ಹಲವು ತರಗತಿ ನಡೆಸಬೇಕಿತ್ತು. ಹಾಡಿಯ ಮಕ್ಕಳು ಕೆಲವು ದಿನ ಬಂದು ಕೆಲವು ದಿನ ಬರುತ್ತಿರಲಿಲ್ಲ. ಬಂದಾಗ ಪಾಠ ಮುಂದೆ ಹೋಗಿರುತ್ತಿತ್ತು. 1995ರಲ್ಲಿ ಯುನಿಸೆಫ್ ನೆರವಿನಿಂದ ಅಲ್ಲಿ ‘ನಲಿ ಕಲಿ’ ಆರಂಭವಾಯಿತು. ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು, ಪಾಠಗಳನ್ನು ಚಿಕ್ಕ ಚಿಕ್ಕ ಕಾರ್ಡುಗಳಾಗಿ ಒಡೆದು, ಏಣಿಯ ಮೆಟ್ಟಿಲುಗಳಂತೆ ಜೋಡಿಸಿದರು. ಹತ್ತು ದಿನ ಬಾರದ ಮಗು ಹನ್ನೊಂದನೆಯ ದಿನ ಬಂದರೆ ತಾನು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು. ಇಲ್ಲಿ ನೆರವು ಹೋದದ್ದು ಶಿಕ್ಷಕರ ತರಬೇತಿಗೆ, ಕಾರ್ಡುಗಳಿಗೆ. ಅಂದರೆ ಕೊರತೆ ಇದ್ದ ಜಾಗಕ್ಕೇ. 2009-10ರಲ್ಲಿ ಈ ಪದ್ಧತಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಕಿರಿಯ ತರಗತಿಗಳಿಗೆಲ್ಲ ಹಬ್ಬಿತು.

ಹಾಗಾದರೆ ಕೊರತೆಯನ್ನು ಗುರುತಿಸುವವರು ಯಾರು? ಶಿಕ್ಷಕರು ಮತ್ತು ತಂದೆತಾಯಿಗಳು. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರೇ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ದುರ್ಬಲ ವರ್ಗದವರಿಗೆ ತಕ್ಕ ಸ್ಥಾನವಿರಬೇಕು. ಅನುದಾನದ ಬಳಕೆಯನ್ನು ನೋಡುವುದು ಈ ಸಮಿತಿಯ ಕರ್ತವ್ಯ. ನಮ್ಮ ರಾಜ್ಯದಲ್ಲಿ ಇದೇ ಎಸ್‌ಡಿಎಂಸಿ. ಕೂಲಿ ಬಿಟ್ಟು ಸಭೆಗೆ ಬರಲಾಗದ ತಾಯಿಯ ಮಾತು ಅಲ್ಲಿ ಕೇಳಿಸದಿದ್ದರೆ, ಅವಳ ಮಗಳ ಕೊರತೆ ಯಾವ ಪಟ್ಟಿಯಲ್ಲೂ ಸೇರುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಶಾಲೆಗೆ ಕಳೆದ ವರ್ಷ ಎಷ್ಟು ಅನುದಾನ ಬಂತು, ಯಾವುದಕ್ಕೆ ಖರ್ಚಾಯಿತು ಎಂದು ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿ ನೋಡಿ. ನಿಮ್ಮ ತರಗತಿಯಲ್ಲಿ ಅತ್ಯಂತ ಹಿಂದೆ ಉಳಿದ ಗೆಳೆಯನಿಗೆ ಆ ಹಣದಲ್ಲಿ ಏನು ತಲುಪಿತು ಎಂಬುದನ್ನೂ ಹುಡುಕಿ. ಆ ಎರಡು ಉತ್ತರಗಳನ್ನು ಪಕ್ಕಪಕ್ಕದಲ್ಲಿ ಬರೆದು ನೋಡಿದರೆ ನೆರವು ಸರಿಯಾದ ಜಾಗಕ್ಕೆ ಹೋಯಿತೋ ಇಲ್ಲವೋ ನಿಮಗೇ ತಿಳಿಯುತ್ತದೆ.