ನೀರು ಬಂತಾ? ಮೊಬೈಲಿಗೆ ಹೇಳಿ!

ಮಕ್ಕಳೇ, ನಲ್ಲಿಯಲ್ಲಿ ನೀರು ಯಾವಾಗ ಬರುತ್ತೆ ಅಂತ ಗೊತ್ತಿಲ್ಲದಿದ್ದರೆ ಮನೆಯಲ್ಲಿ ಒಬ್ಬರು ಕಾಯಲೇಬೇಕು. ಅಮ್ಮ ಕೂಲಿ ಬಿಡಬೇಕು, ಇಲ್ಲವೇ ಅಕ್ಕ ಶಾಲೆ ತಪ್ಪಿಸಬೇಕು.

ಕರ್ನಾಟಕದ ಹುಬ್ಬಳ್ಳಿಯಲ್ಲಿ ಹಲವು ದಿನಕ್ಕೊಮ್ಮೆ ನೀರು ಬಿಡುತ್ತಿದ್ದರು. 2011ರ ಸುಮಾರಿಗೆ ಅಲ್ಲಿ ‘ನೆಕ್ಸ್ಟ್‌ಡ್ರಾಪ್’ ಎಂಬ ಸಂಸ್ಥೆ ಒಂದು ಉಪಾಯ ಮಾಡಿತು. ನೀರು ಬಿಡುವ ವಾಲ್ವ್‌ಮನ್ ಫೋನ್ ಮಾಡಿ ತಿಳಿಸುತ್ತಿದ್ದರು. ಆ ಭಾಗದ ಮನೆಗಳಿಗೆ ಎಸ್ಸೆಮ್ಮೆಸ್ ಹೋಗುತ್ತಿತ್ತು. ಇದಕ್ಕೆ ಸಾದಾ ಫೋನೇ ಸಾಕು.

ಆ ಸುದ್ದಿ ನಿಜವೇ ಅಂತ ತಿಳಿಯುವುದು ಹೇಗೆ? ಕೆಲವು ಮನೆಗಳವರನ್ನು “ನೀರು ಬಂತಾ?” ಎಂದು ಕೇಳುತ್ತಿದ್ದರು. ಪ್ರಯೋಗದಲ್ಲಿ ನಾವು ಮತ್ತೊಮ್ಮೆ ಅಳೆದು ನೋಡುತ್ತೇವಲ್ಲ, ಹಾಗೆಯೇ ಇದು ಕೂಡ. ವಾಲ್ವ್‌ಮನ್ ಫೋನ್ ಮಾಡದಿದ್ದರೆ ಮಾತ್ರ ಆ ವ್ಯವಸ್ಥೆಗೆ ಸುದ್ದಿ ಕೊಡಲು ಆಗುತ್ತಿರಲಿಲ್ಲ.

ನಮ್ಮ ತಮಿಳುನಾಡಿನಲ್ಲಿ 1100ಕ್ಕೆ ಫೋನ್ ಮಾಡಿ ದೂರು ಹೇಳಬಹುದು. “ನೀರು ಸರಿಯಾಗಿ ಬರಲ್ಲ” ಅಂದರೆ ಸಾಲದು. ಆಲಸನತ್ತಂನ ಯಾವ ಬೀದಿ, ಯಾವ ದಿನ, ಎಷ್ಟು ಗಂಟೆ ಎಂದು ಹೇಳಬೇಕು. ಒಂದು ತಿಂಗಳು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹತ್ತು ಮನೆಯ ಲೆಕ್ಕ ಹೊಂದಿಕೊಂಡರೆ ದೂರಿಗೆ ಬಲ ಬರುತ್ತೆ. ದೊಡ್ಡವರಿಂದ ಫೋನ್ ಮಾಡಿಸಿ, ದೂರಿನ ನಂಬರ್ ಬರೆದುಕೊಂಡು, ಏನಾಯಿತು ಅಂತ ಮತ್ತೆ ವಿಚಾರಿಸಿ.