ನಾಯಿ, ಬೆಕ್ಕಿಗೂ ಒಂದು ಒಳ್ಳೆಯ ಫೋಟೊ

ಪರೀಕ್ಷೆ ಮುಗಿದು ರಜೆ ಬಂತೆಂದರೆ ಅಪ್ಪನ ಮೊಬೈಲ್ ಮಕ್ಕಳ ಕೈ ಸೇರುತ್ತದೆ. ಮೊದಲು ಸಿಕ್ಕಿಬೀಳುವುದು ಮನೆಯ ನಾಯಿ, ಇಲ್ಲವೇ ಬೆಕ್ಕು. ಹತ್ತಾರು ಬಾರಿ ಕ್ಲಿಕ್ಕಿಸಿದರೂ ಬರುವುದು ಮಸುಕಾದ ಬಾಲ, ಉರಿಯುವ ಕಣ್ಣು!

ಕಾರಣವಿಷ್ಟೆ. ಇವುಗಳ ಅಕ್ಷಿಪಟಲದ ಹಿಂದೆ ಬೆಳಕನ್ನು ಪ್ರತಿಫಲಿಸುವ ಪದರವೊಂದಿದೆ. ಮಬ್ಬುಗತ್ತಲಲ್ಲಿ ನೋಡಲು ನೆರವಾಗುವ ಆ ಪದರ ಫ್ಲ್ಯಾಶ್ ಬಿದ್ದಾಗ ಹಸಿರಾಗಿ, ಹಳದಿಯಾಗಿ ಹೊಳೆಯುತ್ತದೆ. ಆದ್ದರಿಂದ ಫ್ಲ್ಯಾಶ್ ಬೇಡ. ಬೆಳಗಿನ ಎಳೆಬಿಸಿಲು, ಸಂಜೆಯ ಇಳಿಬಿಸಿಲು ಅಥವಾ ಕಿಟಕಿಯ ಬೆಳಕು ಸಾಕು.

ನಿಂತು ತೆಗೆದರೆ ತಲೆ ದಪ್ಪ, ಕಾಲು ಗಿಡ್ಡ. ನೆಲದ ಮೇಲೆ ಕುಳಿತು ಅದರ ಕಣ್ಣಿನ ಮಟ್ಟದಿಂದ ತೆಗೆಯಿರಿ. ಓಡುವ ನಾಯಿಗೆ ಶಟರ್ ವೇಗ ಸೆಕೆಂಡಿನ 1/500ಕ್ಕಿಂತ ಕಡಿಮೆಯಾಗದಿರಲಿ. ಚೌಕಟ್ಟಿನ ತುಂಬ ಕಪ್ಪು ನಾಯಿಯೇ ಇದ್ದರೆ ಕ್ಯಾಮೆರಾ ಅದನ್ನು ಬೂದು ಮಾಡುತ್ತದೆ. ಎಕ್ಸ್‌ಪೋಷರ್ ತುಸು ಇಳಿಸಿ. ಬಿಳಿಯದಾದರೆ ತುಸು ಏರಿಸಿ.

ಬಲವಂತವಾಗಿ ಹಿಡಿದು ಕೂರಿಸಬೇಡಿ. ನಾಯಿ ಕಿವಿ ಹಿಂದಕ್ಕೆ ಮಡಚಿ, ಬಾಲ ಮುದುರಿ, ಮುಖ ತಿರುಗಿಸಿದರೆ ಅಂದಿಗೆ ಅಷ್ಟೇ ಸಾಕು.

ಕೊನೆಗೊಂದು ಮಾತು. ಮುದ್ದು ಮುಖದ ಜೊತೆಗೆ, ಎರಡೂ ಪಕ್ಕದಿಂದ ಇಡೀ ಮೈ ಮತ್ತು ಮಚ್ಚೆಗಳು ಕಾಣುವ ಚಿತ್ರವೂ ಇರಲಿ. ದೀಪಾವಳಿಯ ಪಟಾಕಿಗೆ ಬೆದರಿ ನಾಯಿ ತಪ್ಪಿಸಿಕೊಂಡರೆ, ಬೀದಿಬೀದಿಯಲ್ಲಿ ತೋರಿಸಿ ಹುಡುಕಲು ಒದಗುವುದು ಆ ಚಿತ್ರವೇ.